ಬೆದೆಗೆ ಬಾರದ ಹಸು: ಸೂಜಿಗೆ ಮೊದಲು ಕೆಚ್ಚಲು ನೋಡಿ

ಈ ತಿಂಗಳು ಬಂದ ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಊರು ಬೇರೆ, ಹಸು ಬೇರೆ, ದೂರು ಮಾತ್ರ ಒಂದೇ. ಬೆದೆಗೆ ಬರುತ್ತಿಲ್ಲ, ಬಂದರೂ ಗಬ್ಬ ನಿಲ್ಲುತ್ತಿಲ್ಲ. ಅದರ ಜೊತೆಗೇ ಪ್ರತಿಯೊಬ್ಬರೂ ಇನ್ನೊಂದು ಸಾಲು ಬರೆದಿದ್ದಾರೆ. ಅದನ್ನು ಯಾರೂ ದೂರು ಅಂತ ಎಣಿಸಿಲ್ಲ. ಒಬ್ಬರು ಕರು ಹಾಕಿದ ಮೇಲೆ ಕಸ, ಅಂದರೆ ಮಾಸು, ಬೀಳೋದು ತಡವಾಯಿತು ಅಂದಿದ್ದಾರೆ. ಇನ್ನೊಬ್ಬರು ಒಂದು ಮೊಲೆ ಊದಿತ್ತು ಅಂದಿದ್ದಾರೆ. ಮತ್ತೊಬ್ಬರು ಹೋಟೆಲಿನ ಅನ್ನ ಹಾಕುತ್ತೇವೆ ಅಂದಿದ್ದಾರೆ. ಮೂವತ್ತು ವರ್ಷ ಬೆಂಗಳೂರಿನ ಸುತ್ತಮುತ್ತ ದನಗಳನ್ನು ನೋಡಿದ ನನಗೆ ಉತ್ತರ ಕಾಣೋದು ಆ ಎರಡನೇ ಸಾಲಿನಲ್ಲೇ. ಹಾಗಾಗಿ ಈ ಸಲ ಆ ಕಾಗದಗಳನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮಿಕ್ಕವರು ದಯವಿಟ್ಟು ಒಂದು ತಿಂಗಳು ಕಾಯಬೇಕು.

ಪ್ರಶ್ನೆ: ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು ಎರಡನೇ ಕರು ಹಾಕಿ ನಾಲ್ಕು ತಿಂಗಳಾಯಿತು. ಕಸ ಎರಡು ದಿನವಾದರೂ ಬೀಳಲಿಲ್ಲ, ಕೈ ಹಾಕಿ ತೆಗೆಸಿದೆವು. ಆಮೇಲೆ ಹತ್ತು ಹನ್ನೆರಡು ದಿನ ಕೆಟ್ಟ ವಾಸನೆ ಬರುತ್ತಿತ್ತು. ಈಗ ಮೇವು ತಿನ್ನುತ್ತದೆ, ದಿನಕ್ಕೆ 11 ಲೀಟರ್ ಹಾಲು ಕೊಡುತ್ತದೆ. ಬೆದೆ ಮಾತ್ರ ಇಲ್ಲ. ಎರಡು ಸಲ ಹಾರ್ಮೋನ್ ಇಂಜೆಕ್ಷನ್ ಕೊಡಿಸಿದೆವು, ಏನೂ ಆಗಲಿಲ್ಲ. ಮೂರನೆಯದು ಕೊಡಿಸಬೇಕಾ?
- ಹೆಸರಘಟ್ಟ ಹತ್ತಿರದ ಓದುಗರು

ಉತ್ತರ: ಸದ್ಯಕ್ಕೆ ಬೇಡ. ಮೊದಲು ಡಾಕ್ಟರನ್ನು ಕರೆಸಿ ಗರ್ಭಕೋಶ ಪರೀಕ್ಷೆ ಮಾಡಿಸಿ. ನಿಮ್ಮ ಕಾಗದ ಓದಿದರೆ ತೊಂದರೆ ಶುರುವಾಗಿದ್ದು ಕಸ ಬೀಳದ ಆ ಎರಡು ದಿನಗಳಲ್ಲಿ ಅನ್ನಿಸುತ್ತದೆ.

ಕರು ಹಾಕಿದ ಮೇಲೆ ಗರ್ಭಕೋಶದ ಬಾಯಿ ಕೆಲವು ದಿನ ತೆರೆದೇ ಇರುತ್ತದೆ. ನೆಲದ, ಸಗಣಿಯ ಬ್ಯಾಕ್ಟೀರಿಯಾ ಒಳಗೆ ಹೋಗುತ್ತವೆ. ಮೊದಲ ಎರಡು ವಾರದಲ್ಲಿ ಹತ್ತರಲ್ಲಿ ಎಂಟು ಒಂಬತ್ತು ಹಸುಗಳಿಗೆ ಹೀಗೇ ಆಗುತ್ತದೆ, ಅದಕ್ಕೆ ಗಾಬರಿ ಬೇಡ. ಗಟ್ಟಿಮುಟ್ಟಾದ ಹಸು ಎರಡು ಮೂರು ವಾರದಲ್ಲಿ ಒಳಗನ್ನು ತಾನೇ ತೊಳೆದುಕೊಳ್ಳುತ್ತದೆ. ಕಸ ಒಳಗೇ ಕೊಳೆತಾಗ ಕತೆ ಬೇರೆ. ಮೊದಲು ಇ-ಕೋಲೈ ಅನ್ನೋ ಕರುಳಿನ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಹದ ಮಾಡಿಟ್ಟ ಜಾಗಕ್ಕೆ ಕೀವು ಮಾಡುವ ಬೇರೆ ಬ್ಯಾಕ್ಟೀರಿಯಾ ಬಂದು ಸೇರುತ್ತವೆ.

ಇ-ಕೋಲೈ ಜಾತಿಯ ಬ್ಯಾಕ್ಟೀರಿಯಾಗಳ ಮೈಮೇಲೆ ಒಂದು ಹೊದಿಕೆ ಇದೆ. ಕೊಬ್ಬು ಮತ್ತು ಸಕ್ಕರೆ ಸೇರಿ ಆದದ್ದು. ಹೆಸರು ಲಿಪೊಪಾಲಿಸ್ಯಾಕರೈಡ್. ನಾವು ಚಿಕ್ಕದಾಗಿ ಎಲ್‌ಪಿಎಸ್ ಅನ್ನುತ್ತೇವೆ. ಬ್ಯಾಕ್ಟೀರಿಯಾ ಸತ್ತು ಒಡೆದಾಗ ಇದು ಚೂರು ಚೂರಾಗಿ ಹೊರಗೆ ಬೀಳುತ್ತದೆ. 1892ರ ಸುಮಾರಿಗೆ ಜರ್ಮನಿಯ ರಿಚರ್ಡ್ ಫೈಫರ್ ಕಾಲರಾ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುವಾಗ ಒಂದು ವಿಚಿತ್ರ ಗಮನಿಸಿದರು. ಕಾಯಿಸಿ ಕೊಂದ ಬ್ಯಾಕ್ಟೀರಿಯಾ ಕೂಡ ಗಿನಿ ಹಂದಿಗಳಿಗೆ ವಿಷವಾಗುತ್ತಿತ್ತು. ವಿಷ ಅದರ ಮೈಯಲ್ಲೇ ಇದೆ ಅಂತ ತಿಳಿದು ಅದಕ್ಕೆ ಎಂಡೋಟಾಕ್ಸಿನ್ ಅಂತ ಹೆಸರಿಟ್ಟರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಬ್ಯಾಕ್ಟೀರಿಯಾ ಸತ್ತ ತಕ್ಷಣ ಕೆಲಸ ಮುಗಿಯಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸತ್ತ ಮೇಲೂ ಅದರ ಹೊದಿಕೆ ಕೆಲಸ ಮಾಡುತ್ತಲೇ ಇರುತ್ತದೆ.

ಈ ವಿಷ ಗರ್ಭಕೋಶದಲ್ಲೇ ನಿಲ್ಲೋದಿಲ್ಲ, ರಕ್ತಕ್ಕೆ ಇಳಿಯುತ್ತದೆ. ಬಿಳಿ ರಕ್ತಕಣಗಳ ಮೇಲೆ ಇದನ್ನು ಗುರುತು ಹಿಡಿಯುವ ಒಂದು ಕೊಂಡಿ ಇದೆ, ಟಿಎಲ್‌ಆರ್-4 ಅಂತ. 1998ರಲ್ಲಿ ಅಮೆರಿಕದ ಬ್ರೂಸ್ ಬ್ಯೂಟ್ಲರ್ ಅವರ ತಂಡ ಇಲಿಗಳಲ್ಲಿ ಇದನ್ನು ಪತ್ತೆ ಮಾಡಿತು. 2011ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರಲ್ಲಿ ಅವರೂ ಒಬ್ಬರು. ಎಲ್‌ಪಿಎಸ್ ಈ ಕೊಂಡಿಗೆ ತಗುಲಿದ ಕೂಡಲೇ ಮೈಯೆಲ್ಲ ಎಚ್ಚರಗೊಳ್ಳುತ್ತದೆ. ಜ್ವರ, ಬಾವು, ಮೇವು ಬಿಡೋದು ಎಲ್ಲ ಇದರಿಂದಲೇ. ಸುದ್ದಿ ಮೆದುಳಿಗೂ ಹೋಗುತ್ತದೆ.

ಬೆದೆ ಶುರುವಾಗೋದು ಮೆದುಳಿನಲ್ಲಿ. ಮೆದುಳಿನ ತಳದಿಂದ ಜಿಎನ್‌ಆರ್‌ಎಚ್ ಅನ್ನೋ ಹಾರ್ಮೋನ್ ನಾಡಿ ಬಡಿದ ಹಾಗೆ ಬಿಟ್ಟು ಬಿಟ್ಟು ಹೊರಡುತ್ತದೆ. ಇದರ ರಚನೆ ಗೊತ್ತಾಗಿದ್ದು 1971ರಲ್ಲಿ. ಅಮೆರಿಕದಲ್ಲಿ ವಿಜ್ಞಾನಿ ಶಾಲಿ ಅವರ ತಂಡ ಹಂದಿಯ ಮೆದುಳಿನಿಂದ, ಇನ್ನೊಬ್ಬ ವಿಜ್ಞಾನಿ ಗಿಯೆಮಾನ್ ಅವರ ತಂಡ ಕುರಿಯ ಮೆದುಳಿನಿಂದ ಇದನ್ನು ತೆಗೆದರು. ಕಸಾಯಿಖಾನೆಗಳಿಂದ ರಾಶಿ ರಾಶಿ ಮೆದುಳು ತರಿಸಿ ಮಾಡಿದ ಕೆಲಸ ಅದು. ಈ ನಾಡಿ ಸರಿಯಾಗಿ ಬಡಿದರೆ ಎಲ್‌ಎಚ್ ಅನ್ನೋ ಇನ್ನೊಂದು ಹಾರ್ಮೋನ್ ಬರುತ್ತದೆ, ಅಂಡ ಬೆಳೆದು ಒಡೆಯುತ್ತದೆ. ಕುರಿಗಳ ರಕ್ತಕ್ಕೆ ಎಲ್‌ಪಿಎಸ್ ಕೊಟ್ಟು ನೋಡಿದ್ದಾರೆ. ಕೆಲವೇ ಗಂಟೆಗಳಲ್ಲಿ ಆ ಬಡಿತ ಮಂದವಾಗುತ್ತದೆ.

ಇನ್ನು ಅಂಡಾಶಯ. ಅಂಡದ ಸುತ್ತ ನೀರು ತುಂಬಿದ ಒಂದು ಗುಳ್ಳೆ ಇರುತ್ತದೆ. ಆ ಗುಳ್ಳೆಯ ಒಳಪದರದ ಜೀವಕೋಶಗಳೇ ಈಸ್ಟ್ರೋಜನ್ ತಯಾರಿಸೋದು. ಹಸು ಕೂಗೋದು, ಲೋಳೆ ಸುರಿಸೋದು, ಬೇರೆ ಹಸುವಿನ ಮೇಲೆ ಹತ್ತೋದು ಎಲ್ಲ ಆ ಈಸ್ಟ್ರೋಜನ್ ಮಾಡಿಸುವ ಕೆಲಸ. ಗರ್ಭಕೋಶದಲ್ಲಿ ಸೋಂಕಿದ್ದ ಹಸುಗಳ ಆ ಗುಳ್ಳೆಯ ನೀರಿನಲ್ಲೂ ಎಲ್‌ಪಿಎಸ್ ಸಿಕ್ಕಿದೆ. ಅಲ್ಲಿನ ಜೀವಕೋಶಗಳ ಮೇಲೂ ಅದೇ ಟಿಎಲ್‌ಆರ್-4 ಕೊಂಡಿ ಇದೆ. ವಿಷ ತಗುಲಿದರೆ ಅವು ಈಸ್ಟ್ರೋಜನ್ ತಯಾರಿಸೋದನ್ನು ಕಡಿಮೆ ಮಾಡುತ್ತವೆ. ಹಸು ಆರಾಮಾಗಿ ಮೇಯುತ್ತಾ ನಿಂತಿರುತ್ತದೆ. ನೋಡುವವರಿಗೆ ಏನೂ ಗೊತ್ತಾಗೋದಿಲ್ಲ.

ಮೂರನೇ ಪೆಟ್ಟು ಇನ್ನೊಂದಿದೆ. ಅಂಡ ಒಡೆದ ಜಾಗದಲ್ಲಿ ಒಂದು ಹಳದಿ ಗಂಟು ಬೆಳೆಯುತ್ತದೆ. ಅದು ಗಬ್ಬ ಉಳಿಸುವ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಕೊಡುತ್ತದೆ. ಗಬ್ಬ ಇಲ್ಲದಿದ್ದರೆ ಗರ್ಭಕೋಶ ಪ್ರೊಸ್ಟಾಗ್ಲಾಂಡಿನ್ ಎಫ್ ಕಳಿಸಿ ಆ ಗಂಟನ್ನು ಕರಗಿಸುತ್ತದೆ. ಆಗ 21 ದಿನಕ್ಕೆ ಮತ್ತೆ ಬೆದೆ. ಆದರೆ ಎಲ್‌ಪಿಎಸ್ ತಗುಲಿದ ಗರ್ಭಕೋಶದ ಒಳಪದರ ಎಫ್ ಬದಲು ಪ್ರೊಸ್ಟಾಗ್ಲಾಂಡಿನ್ ಇ ಜಾಸ್ತಿ ಮಾಡುತ್ತದೆ. ಅದು ಗಂಟನ್ನು ಕರಗಿಸೋದಿಲ್ಲ, ಉಳಿಸುತ್ತದೆ. ಕರು ಇಲ್ಲದಿದ್ದರೂ ಹಸುವಿನ ಮೈ ಗಬ್ಬದ ಲೆಕ್ಕದಲ್ಲೇ ನಡೆಯುತ್ತದೆ. ಒಳಗೆ ಕೀವು, ಮೇಲೆ ಪ್ರೊಜೆಸ್ಟರಾನ್. ಇಂಥ ಹಸು ತಿಂಗಳುಗಟ್ಟಲೆ ಬೆದೆ ತೋರಿಸೋದಿಲ್ಲ.

ಇದನ್ನು ನಾನು ಕಲಿತಿದ್ದು ಹೆಬ್ಬಾಳದ ಪಶುವೈದ್ಯ ಕಾಲೇಜಿನ ತರಗತಿಯಲ್ಲಿ ಅಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ನೆಲಮಂಗಲ ಕಡೆಯ ಒಂದು ಹಳ್ಳಿ. ಒಬ್ಬ ತಾಯಿಗೆ ಇದ್ದದ್ದು ಒಂದೇ ಹಸು. ನಿಮ್ಮ ಹಸುವಿನ ಕತೆಯೇ. ನಾನು ಎರಡು ಸಲ ಹಾರ್ಮೋನ್ ಕೊಟ್ಟೆ. ಆಗ ಮೆದುಳಿನ ನಾಡಿ ಎಬ್ಬಿಸುವ ಸೂಜಿ ಕೊಟ್ಟಿದ್ದೆ, ಒಳಗೆ ಏನಿದೆ ಅಂತ ಸರಿಯಾಗಿ ನೋಡಿರಲಿಲ್ಲ. ಮೂರನೇ ಸಲ ಹಿರಿಯ ಡಾಕ್ಟರೊಬ್ಬರು ಜೊತೆಗೆ ಬಂದರು. ಅವರು ಕೈಗೆ ಗ್ಲೌಸ್ ಹಾಕಿ ಒಳಗಿಂದ ಸ್ವಲ್ಪ ಲೋಳೆ ತೆಗೆದರು. ಅಂಗೈ ಮೇಲೆ ಇಟ್ಟುಕೊಂಡು ಬಿಸಿಲಿಗೆ ಹಿಡಿದರು. ಬೆದೆಯ ಲೋಳೆ ಮೊಟ್ಟೆಯ ಬಿಳಿಯ ಹಾಗೆ ಇರಬೇಕು. ಎರಡು ಬೆರಳ ನಡುವೆ ಎಳೆದರೆ ಗಾಜಿನ ದಾರದ ಹಾಗೆ ತೂಗಬೇಕು. ಇದರಲ್ಲಿ ಮೊಸರಿನ ಚೂರಿನಂಥ ಬಿಳಿ ಕಣಗಳು ತೇಲುತ್ತಿದ್ದವು. ಮೂಗಿನ ಹತ್ತಿರ ತಂದರೆ ಹುಳಿ ವಾಸನೆ. "ಹೊಲದಲ್ಲಿ ಬೆಂಕಿ ಇದೆ, ನೀನು ಬೀಜ ಬಿತ್ತುತ್ತಾ ಇದ್ದೀಯ" ಅಂದರು. ಆ ತಾಯಿಯ ಎರಡು ತಿಂಗಳು ನನ್ನಿಂದ ಹಾಳಾಯಿತು. ಒಂದೇ ಹಸು ಇರುವ ಮನೆಗೆ ಎರಡು ತಿಂಗಳು ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಹಾರ್ಮೋನ್ ಸೂಜಿಯೇ ಕೆಟ್ಟದ್ದು ಅಂತ ಮಾತ್ರ ತಿಳಿಯಬೇಡಿ. ಕೀವು ತುಂಬಿ ಹಳದಿ ಗಂಟು ಉಳಿದುಕೊಂಡಿದ್ದರೆ ಪ್ರೊಸ್ಟಾಗ್ಲಾಂಡಿನ್ ಸೂಜಿಯೇ ಸರಿಯಾದ ಮದ್ದು. ಅದು ಗಂಟು ಕರಗಿಸಿ, ಗರ್ಭಕೋಶದ ಬಾಯಿ ತೆರೆಸಿ, ಕೀವನ್ನು ಹೊರಗೆ ಹಾಕಿಸುತ್ತದೆ. ಯಾವ ಸೂಜಿ, ಯಾವಾಗ ಅನ್ನೋದು ಒಳಗೆ ಕೈ ಹಾಕಿ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ. ನಿಮಗೆ ಕೊಟ್ಟ ಎರಡು ಸೂಜಿ ಯಾವುದು ಅಂತ ಚೀಟಿ ಇದ್ದರೆ ಡಾಕ್ಟರಿಗೆ ತೋರಿಸಿ.

ಮುಂದಿನ ಸಲ ಕಸ ಬೀಳದಿದ್ದರೆ ಎಳೆಯಬೇಡಿ, ಕೈ ಹಾಕಿಸಬೇಡಿ. ಎಳೆದಾಗ ಒಳಪದರ ಹರಿಯುತ್ತದೆ, ವಿಷ ರಕ್ತಕ್ಕೆ ಇಳಿಯೋಕೆ ದಾರಿ ಮಾಡಿಕೊಟ್ಟ ಹಾಗೆ. ನೇತಾಡುವ ಭಾಗ ನೆಲಕ್ಕೆ ತಾಗುತ್ತಿದ್ದರೆ ಅಷ್ಟನ್ನು ಮಾತ್ರ ಕತ್ತರಿಸಿ. ಕರು ಹಾಕಿದ ಮೊದಲ ಹತ್ತು ದಿನ ಬೆಳಿಗ್ಗೆ ಥರ್ಮಾಮೀಟರ್ ಇಟ್ಟು ನೋಡಿ. 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಮೇವು ಬಿಟ್ಟರೆ, ಕೆಂಪು ಕಂದು ಬಣ್ಣದ ನಾರುವ ನೀರು ಬಂದರೆ ಅವತ್ತೇ ಡಾಕ್ಟರನ್ನು ಕರೆಯಿರಿ. ಹತ್ತಿರ ಯಾರೂ ಸಿಗದಿದ್ದರೆ 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ವಾಹನ ಮನೆ ಬಾಗಿಲಿಗೆ ಬರುತ್ತದೆ.

ಪ್ರಶ್ನೆ: ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿದ ಒಂಬತ್ತನೇ ದಿನ ಹಿಂದಿನ ಬಲ ಮೊಲೆ ಊದಿ ಕಲ್ಲಿನ ಹಾಗಾಯಿತು. ಹಾಲು ನೀರು ನೀರಾಗಿ ಬಂತು, ಜ್ವರವೂ ಇತ್ತು. ಔಷಧ ಕೊಡಿಸಿ ವಾಸಿಯಾಯಿತು. ಆದರೆ ಹದಿನೈದನೇ ದಿನಕ್ಕೇ ಮತ್ತೆ ಬೆದೆಗೆ ಬಂತು. ಕೆಚ್ಚಲಿಗೂ ಗಬ್ಬಕ್ಕೂ ಸಂಬಂಧ ಇದೆಯಾ? ಮನೆಯಲ್ಲಿ ಎಲ್ಲರೂ ದೃಷ್ಟಿ ತಾಗಿದೆ ಅನ್ನುತ್ತಾರೆ.
- ಆನೇಕಲ್ ತಾಲ್ಲೂಕಿನ ಓದುಗರು

ಉತ್ತರ: ಸಂಬಂಧ ಇದೆ, ತುಂಬಾ ಹತ್ತಿರದ ಸಂಬಂಧವೇ ಇದೆ. ನೀರಿನಂಥ ಹಾಲು, ಜ್ವರ, ಕಲ್ಲಿನಂಥ ಮೊಲೆ ಅಂದರೆ ಇ-ಕೋಲೈ ಬಾವಿನ ಗುರುತು ಕಾಣುತ್ತದೆ. ಹಾಲು ಪರೀಕ್ಷೆ ಆಗದೆ ಖಚಿತವಾಗಿ ಹೇಳಲಾರೆ. ಆದರೆ ಯಾವ ಬ್ಯಾಕ್ಟೀರಿಯಾ ಆದರೂ ಬಾವು ಬಾವೇ.

ಕೆಚ್ಚಲಿನಲ್ಲಿ ಹೀಗೆ ಜೋರಾಗಿ ಬಾವು ಬಂದಾಗ ಮೈಯಲ್ಲಿ ಪ್ರೊಸ್ಟಾಗ್ಲಾಂಡಿನ್ ಎಫ್ ಏರುತ್ತದೆ. ಮೇಲೆ ಹೇಳಿದೆನಲ್ಲ, ಹಳದಿ ಗಂಟನ್ನು ಕರಗಿಸೋದು ಅದೇ. ಹೆಸರಘಟ್ಟದವರ ಹಸುವಿನಲ್ಲಿ ಗಂಟು ಕರಗಲಿಲ್ಲ, ನಿಮ್ಮ ಹಸುವಿನಲ್ಲಿ ಹೊತ್ತಿಗೆ ಮುಂಚೆಯೇ ಕರಗಿದೆ. ಒಂದೇ ವಿಷ ಇಷ್ಟು ಬೇರೆ ಬೇರೆ ಥರ ಕೆಲಸ ಮಾಡೋದು ನೋಡಿ. ನಿಧಾನವಾಗಿ ಗರ್ಭಕೋಶದಲ್ಲಿ ಕೂತು ಕಾಡಿದರೆ ಒಂದು ರೀತಿ, ಧುತ್ತಂತ ಕೆಚ್ಚಲಿನಿಂದ ರಕ್ತಕ್ಕೆ ನುಗ್ಗಿದರೆ ಇನ್ನೊಂದು ರೀತಿ. ಗಂಟು ಕರಗಿದರೆ ಪ್ರೊಜೆಸ್ಟರಾನ್ ಇಳಿಯುತ್ತದೆ. ಪ್ರೊಜೆಸ್ಟರಾನ್ ಇಲ್ಲದೆ ಭ್ರೂಣ ಉಳಿಯೋದಿಲ್ಲ. ಜ್ವರದ ಬಿಸಿಯೂ ಅದಕ್ಕೆ ಆಗದು. 21 ದಿನಕ್ಕೆ ಬರಬೇಕಾದ ಬೆದೆ ಹದಿನೈದಕ್ಕೇ ಬಂದದ್ದು ಇದಕ್ಕೆ ಸರಿಹೊಂದುತ್ತದೆ. ತುಂಬು ಗಬ್ಬದ ಹಸುಗಳೂ ಇಂಥ ಬಾವಿನಲ್ಲಿ ಕಂದು ಹಾಕಿದ್ದನ್ನು ನೋಡಿದ್ದೇನೆ. ದೃಷ್ಟಿ ತೆಗೆಯೋದಾದರೆ ತೆಗೆಯಿರಿ, ಮನಸ್ಸಿಗೆ ಸಮಾಧಾನ. ಆದರೆ ಮೊಲೆ ತೊಳೆಯೋದು ಬಿಡಬೇಡಿ.

ನನಗೆ ಹೆಚ್ಚು ಚಿಂತೆ ಇರೋದು ಕಣ್ಣಿಗೆ ಕಾಣದ ಬಾವಿನ ಬಗ್ಗೆ. ಮೊಲೆ ಮೆತ್ತಗೇ ಇರುತ್ತದೆ, ಹಾಲು ಬೆಳ್ಳಗೇ ಇರುತ್ತದೆ, ಡೇರಿಯಲ್ಲೂ ತೆಗೆದುಕೊಳ್ಳುತ್ತಾರೆ. ಒಳಗೆ ಮಾತ್ರ ಬಾವು ಹೊಗೆಯಾಡುತ್ತಿರುತ್ತದೆ. ಇಂಥ ಹಸುಗಳು ಬೆದೆಗೂ ಬರುತ್ತವೆ. ಆದರೆ ಗುಳ್ಳೆಯಲ್ಲಿ ಈಸ್ಟ್ರೋಜನ್ ಕಡಿಮೆ, ಎಲ್‌ಎಚ್ ಏರೋದು ತಡ. ಹೀಗಾಗಿ ಅಂಡ ಒಡೆಯೋದೂ ತಡ. ಇಸ್ರೇಲಿನ ಸಂಶೋಧಕರು ಇಂಥ ಹಸುಗಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಹೀಗಾಗೋದನ್ನು ಕಂಡಿದ್ದಾರೆ. ನಾವು ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೇ ಬೆಳಿಗ್ಗೆ ಅನ್ನೋ ಲೆಕ್ಕದಲ್ಲಿ ವೀರ್ಯ ಹಾಕಿಸುತ್ತೇವೆ, ಅಲ್ವಾ? ವೀರ್ಯಕ್ಕೆ ಒಳಗೆ ಒಂದು ದಿನದಷ್ಟು ಆಯುಸ್ಸು. ಅಂಡ ಬರೋ ಹೊತ್ತಿಗೆ ಅದು ಸತ್ತಿರುತ್ತದೆ. "ಡೋಸ್ ಸರಿ ಇಲ್ಲ", "ಹಾಕಿದವರ ಕೈ ಸರಿ ಇಲ್ಲ" ಅಂತ ನಾವು ಜಗಳ ಆಡುತ್ತಿರುತ್ತೇವೆ.

ಇದನ್ನು ಮನೆಯಲ್ಲೇ ಪತ್ತೆ ಮಾಡಬಹುದು. ಅರ್ಧ ಲೀಟರ್ ನೀರಿಗೆ 15 ಗ್ರಾಂ ಬಟ್ಟೆ ಒಗೆಯುವ ಪುಡಿ ಕರಗಿಸಿ. ನಾಲ್ಕು ಚಿಕ್ಕ ಬಟ್ಟಲು ಸಾಲಾಗಿಡಿ, ಯಾವ ಬಟ್ಟಲು ಯಾವ ಮೊಲೆಯದು ಅಂತ ನೆನಪಿರಲಿ. ಮೊದಲ ಎರಡು ಧಾರೆ ಬೇರೆ ಹಿಂಡಿ ಚೆಲ್ಲಿ. ಆಮೇಲೆ ಪ್ರತಿ ಮೊಲೆಯಿಂದ ಎರಡು ಚಮಚದಷ್ಟು ಹಾಲು ಹಿಂಡಿ, ಅಷ್ಟೇ ಪುಡಿ ನೀರು ಹಾಕಿ ಬಟ್ಟಲನ್ನು ಮೆಲ್ಲಗೆ ಸುತ್ತಿಸಿ. ಒಳ್ಳೆಯ ಹಾಲು ನೀರಿನ ಹಾಗೆಯೇ ಓಡಾಡುತ್ತದೆ. ಬಾವಿನ ಹಾಲು ಅರ್ಧ ನಿಮಿಷದಲ್ಲೇ ಗಂಜಿ ಕಟ್ಟುತ್ತದೆ. ಬಟ್ಟಲು ಓರೆ ಮಾಡಿದರೆ ಹರಿಯದೆ ಒಂದೇ ಮುದ್ದೆಯಾಗಿ, ಲೋಳೆಸರದ ತಿರುಳಿನ ಹಾಗೆ ಜಾರುತ್ತದೆ. ಸೋಪಿಗೆ ಬಿಳಿ ರಕ್ತಕಣಗಳು ಒಡೆದು ಅವುಗಳ ಒಳಗಿನ ಡಿಎನ್‌ಎ ಹೊರಗೆ ಬಂದು ಅಂಟುತ್ತದೆ. ಗಂಜಿ ಎಷ್ಟು ದಪ್ಪವೋ ಬಾವು ಅಷ್ಟು ಜಾಸ್ತಿ. ಕರು ಹಾಕಿದ ಮೊದಲ ವಾರ ಮಾತ್ರ ಈ ಪರೀಕ್ಷೆ ಬೇಡ. ಗಿಣ್ಣಿನಲ್ಲಿ ಕಣಗಳು ಹೇಗೂ ಜಾಸ್ತಿ ಇರುತ್ತವೆ. ಪರೀಕ್ಷೆ ಮಾಡಿದ ಹಾಲನ್ನು ಕೊಟ್ಟಿಗೆಯಲ್ಲಿ ಚೆಲ್ಲಬೇಡಿ, ಹೊರಗೆ ಗುಂಡಿಗೆ ಹಾಕಿ.

ಹಿಂಡುವಾಗ ಹೆಬ್ಬೆರಳು ಮಡಚಿ ಒತ್ತುವ ಅಭ್ಯಾಸ ಇದ್ದರೆ ಬಿಡಿ, ಮೊಲೆತೊಟ್ಟಿನ ಒಳಗೆ ಗಾಯವಾಗುತ್ತದೆ. ಪೂರ್ತಿ ಮುಷ್ಟಿಯಲ್ಲಿ ಹಿಂಡಿ. ಹಿಂಡಿದ ಮೇಲೆ ಅಯೋಡಿನ್ ದ್ರಾವಣದಲ್ಲಿ ಮೊಲೆ ಅದ್ದಿ. ಮೊಲೆಯ ತುದಿ ಮುಚ್ಚಿಕೊಳ್ಳೋಕೆ ಅರ್ಧ ಗಂಟೆಗೂ ಜಾಸ್ತಿ ಬೇಕು. ಆ ಹೊತ್ತಿನಲ್ಲಿ ಹಸು ಸಗಣಿಯಲ್ಲಿ ಮಲಗಬಾರದು. ಹಿಂಡಿದ ತಕ್ಷಣ ಗೋದಲಿಗೆ ಹುಲ್ಲು ಹಾಕಿ, ತಾನೇ ನಿಂತಿರುತ್ತದೆ. ಈಗ ಎಲ್ಲರೂ ರಬ್ಬರ್ ಮ್ಯಾಟ್ ಹಾಕಿಸಿದ್ದೀರಿ, ಕಾಲಿಗೆ ಒಳ್ಳೆಯದು. ಆದರೆ ವಾರಕ್ಕೊಮ್ಮೆ ಎತ್ತಿ ಕೆಳಗೆ ನೋಡಿ. ಗಂಜಲ ನಿಂತು ಕೊಳೆಯೋದು ಅಲ್ಲೇ.

ಪ್ರಶ್ನೆ: ಮೂರು ಹಸು ಇವೆ. ನಮಗೆ ಹೊಲ ಇಲ್ಲ, ಇದ್ದ ಹುಲ್ಲುಗಾವಲು ಲೇಔಟ್ ಆಯಿತು. ಮಾರ್ಕೆಟ್ ಸೊಪ್ಪು ತರಕಾರಿ, ಹೋಟೆಲಿನ ಮಿಕ್ಕ ಅನ್ನ, ಬಿಯರ್ ಹಿಂಡಿ, ಕೆರೆ ಅಂಚಿನ ಹುಲ್ಲು ಹಾಕುತ್ತೇವೆ. ಹಾಲು ಪರವಾಗಿಲ್ಲ. ಸಗಣಿ ತೆಳ್ಳಗೆ, ನೊರೆ ನೊರೆ. ಬೆದೆ ಸರಿಯಾಗಿ ಗೊತ್ತಾಗೋದಿಲ್ಲ. ಗರ್ಭಕೋಶ ಸರಿ ಇದೆ ಅಂತ ಡಾಕ್ಟರು ಹೇಳಿದ್ದಾರೆ.
- ವರ್ತೂರಿನ ಓದುಗರು

ಉತ್ತರ: ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಬೆಂಗಳೂರಿನಲ್ಲಿ ಹಸು ಸಾಕುವವರ ಹುಲ್ಲನ್ನು ಊರು ತಿಂದುಹಾಕಿದೆ. ಹುಲ್ಲೇ ಹಾಕಿ ಅಂತ ಸುಮ್ನೆ ಹೇಳಿ ಕೂರೋದು ನ್ಯಾಯವಲ್ಲ. ಆದರೆ ಆ ತೆಳ್ಳನೆ ನೊರೆ ಸಗಣಿ ಏನು ಹೇಳುತ್ತಿದೆ ಅಂತ ಕೇಳಿ.

ಹಸುವಿನ ದೊಡ್ಡ ಹೊಟ್ಟೆಯಲ್ಲಿ ಕೋಟಿ ಕೋಟಿ ಬ್ಯಾಕ್ಟೀರಿಯಾ ಇವೆ. ಅವೇ ಹುಲ್ಲನ್ನು ಜೀರ್ಣ ಮಾಡೋದು. ಒಣಹುಲ್ಲು ತಿಂದರೆ ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ. ನೂರು ಲೀಟರಿಗೂ ಜಾಸ್ತಿ ಜೊಲ್ಲು ಹೊಟ್ಟೆಗೆ ಇಳಿಯುತ್ತದೆ. ಆ ಜೊಲ್ಲಿನಲ್ಲಿ ಸೋಡಾ ಇದೆ, ಹುಳಿಯನ್ನು ತಣಿಸುತ್ತದೆ. ಅನ್ನಕ್ಕೆ ಮೆಲುಕು ಬೇಡ. ಅದು ಬೇಗ ಹುಳಿಯಾಗುತ್ತದೆ. ಹೊಟ್ಟೆಯ ಪಿಎಚ್ ಆರರ ಮೇಲಿರಬೇಕಾದ್ದು ಐದೂವರೆಗಿಂತ ಕೆಳಗೆ ಜಾರುತ್ತದೆ. ಹುಳಿ ತಾಳದ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಸತ್ತಾಗ ಅವುಗಳ ಮೈಯಿಂದ ಬೀಳೋದು ಮತ್ತದೇ ಎಲ್‌ಪಿಎಸ್. ಹುಳಿಗೆ ಹೊಟ್ಟೆಯ, ಕರುಳಿನ ಒಳಪದರವೂ ಸವೆದಿರುತ್ತದೆ, ವಿಷ ರಕ್ತಕ್ಕೆ ಇಳಿಯುತ್ತದೆ. ಕೆಚ್ಚಲಿನಲ್ಲಿ ರೋಗ ಇಲ್ಲ, ಗರ್ಭಕೋಶದಲ್ಲಿ ರೋಗ ಇಲ್ಲ. ಆದರೂ ಮೆದುಳಿಗೆ ಹೋಗೋ ಸುದ್ದಿ ಅದೇ: ಮೈಯಲ್ಲಿ ವಿಷ ಇದೆ, ಬೆದೆ ಈಗ ಬೇಡ. ಬೆದೆ ಬಂದರೂ ಕೂಗಿಲ್ಲ, ಲೋಳೆ ಇಲ್ಲ, ಮೂಕ ಬೆದೆ. ಬೇಸಿಗೆಯ ಬಿಸಿಲಿಗೆ ತಗಡಿನ ಸೂರಿನ ಕೆಳಗೆ ಏದುಸಿರು ಬಿಡುವ ಹಸುವಿಗೆ ಇದು ಇನ್ನೂ ಜಾಸ್ತಿ. ಬಿಸಿಗೂ ಕರುಳು ಸೋರುತ್ತದೆ.

ಸಂಕ್ರಾಂತಿಯ ಮಾರನೇ ದಿನ ನಾವು ದನದ ಡಾಕ್ಟರುಗಳಿಗೆ ಬಿಡುವೇ ಇರುತ್ತಿರಲಿಲ್ಲ. ಹಬ್ಬದ ದಿನ ಪ್ರೀತಿಯಿಂದ ಬಕೆಟ್‌ಗಟ್ಟಲೆ ಸಿಹಿ ಪೊಂಗಲ್, ಬಾಳೆಹಣ್ಣು ತಿನ್ನಿಸಿರುತ್ತಾರೆ. ಬೆಳಿಗ್ಗೆ ಹಸು ಹಲ್ಲು ಕಡಿಯುತ್ತಾ, ಹೊಟ್ಟೆಯೊಳಗೆ ನೀರು ತುಳುಕಿಸಿಕೊಂಡು ನಿಂತಿರುತ್ತದೆ. ಆ ಹಸು ಬದುಕಿದರೆ ಅದರ ಗಬ್ಬದ ಲೆಕ್ಕ ಮುಂದಿನ ಎರಡು ಮೂರು ತಿಂಗಳು ತಪ್ಪುತ್ತಿತ್ತು. ಇವತ್ತು ಒಡೆಯುವ ಅಂಡ ಬೆಳೆಯೋಕೆ ಶುರು ಮಾಡಿರೋದು ವಾರಗಟ್ಟಲೆ ಹಿಂದೆ. ಆಗ ತಗುಲಿದ ಪೆಟ್ಟು ಈಗ ಕಾಣುತ್ತದೆ. ನಿಮ್ಮ ಮನೆಯಲ್ಲಿ ದಿನಾ ಸಣ್ಣ ಸಂಕ್ರಾಂತಿ ನಡೆಯುತ್ತಿದೆ.

ಅನ್ನ ಪೂರ್ತಿ ಬಿಡೋಕೆ ಆಗದಿದ್ದರೆ ಕಡಿಮೆ ಮಾಡಿ. ಒಂದೇ ಸಲ ಸುರಿಯದೆ ನಾಲ್ಕು ಹೊತ್ತಿಗೆ ಹಂಚಿ. ಯಾವ ಹೊತ್ತಿಗೂ ಮೊದಲು ರಾಗಿ ಹುಲ್ಲು, ಆಮೇಲೆ ಮಿಕ್ಕಿದ್ದು. ಹಳಸಿದ ಅನ್ನ, ಬೂಷ್ಟು ಹಿಡಿದ ಬ್ರೆಡ್, ಹುಳಿ ವಾಸನೆಯ ಬಿಯರ್ ಹಿಂಡಿ ಬೇಡವೇ ಬೇಡ. ಬಿಯರ್ ಹಿಂಡಿ ಬಂದ ಎರಡು ಮೂರು ದಿನದಲ್ಲಿ ಖಾಲಿಯಾಗಲಿ. ಅಡುಗೆ ಸೋಡಾ ಹಸುವೊಂದಕ್ಕೆ ದಿನಕ್ಕೆ 100 ಗ್ರಾಂ ಆಸುಪಾಸು ಹಿಂಡಿಯಲ್ಲಿ ಕಲಸಬಹುದು, ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ. ಅವರೆಕಾಯಿ ಕಾಲದಲ್ಲಿ ಸಿಪ್ಪೆ ರಾಶಿ ಸಿಗುತ್ತದೆ. ಅದು ಅನ್ನಕ್ಕಿಂತ ಎಷ್ಟೋ ವಾಸಿ, ನಾರು ಇದೆ. ಒಂದೇ ದಿನ ತುಂಬಿಸದೆ ರೂಢಿ ಮಾಡಿಸಿ. ಕೆರೆ ಅಂಚಿನ ಹುಲ್ಲು ಚರಂಡಿ ನೀರು ಕುಡಿದು ಬೆಳೆದಿರುತ್ತದೆ. ಬೇರೆ ದಾರಿ ಇದ್ದರೆ ಬಿಡಿ ಅಂತಲೇ ಹೇಳುತ್ತೇನೆ.

ಮಧ್ಯಾಹ್ನ ಹಸುಗಳು ಮಲಗಿರುವಾಗ ಹೋಗಿ ಎಣಿಸಿ. ಮೂರರಲ್ಲಿ ಎರಡಾದರೂ ಮೆಲುಕು ಹಾಕುತ್ತಿರಬೇಕು. ಈ ಒಂದು ಲೆಕ್ಕ ಯಾವ ಲ್ಯಾಬಿಗೂ ಕಡಿಮೆಯಲ್ಲ.

ಪ್ರಶ್ನೆ: ಬನ್ನೂರು ಟಗರಿಗೆ ಕಳೆದ ತಿಂಗಳು ಕಾಲು ಕೀವಾಗಿ ನಾಲ್ಕು ದಿನ ಜ್ವರ ಇತ್ತು. ಈಗ ಚೆನ್ನಾಗಿದೆ, ಕುರಿಗಳ ಮೇಲೂ ಹೋಗುತ್ತದೆ. ಆದರೆ ಗಬ್ಬ ಆಗುತ್ತಿಲ್ಲ.
- ಕನಕಪುರ ರಸ್ತೆಯ ಓದುಗರು

ಉತ್ತರ: ಗಂಡಿಗೂ ಇದೇ ನಿಯಮ. ಮೆದುಳಿನ ನಾಡಿ ಮಂದವಾದರೆ ಟೆಸ್ಟೋಸ್ಟಿರಾನ್ ಇಳಿಯುತ್ತದೆ. ಜ್ವರದ ಬಿಸಿ ಬೀಜಕ್ಕೆ ಬೇರೆ ಪೆಟ್ಟು. ಹುರುಪು ಬೇಗ ವಾಪಸ್ ಬರುತ್ತದೆ, ವೀರ್ಯ ಬರೋದಿಲ್ಲ. ಟಗರಿನಲ್ಲಿ ಹೊಸ ವೀರ್ಯಾಣು ತಯಾರಾಗೋಕೆ ಸುಮಾರು ಏಳು ವಾರ ಬೇಕು, ಹೊರಗೆ ಬರೋಕೆ ಇನ್ನೂ ಒಂದೆರಡು ವಾರ. ಜ್ವರ ಬಂದ ದಿನದಿಂದ ಎರಡೂವರೆ ತಿಂಗಳು ಲೆಕ್ಕ ಹಾಕಿ. ಅಲ್ಲಿವರೆಗೆ ಬೇರೆ ಟಗರು ಬಿಡಿ. ಮಾರುವ ಯೋಚನೆ ಮಾಡಬೇಡಿ, ಒಳ್ಳೆಯ ಬನ್ನೂರು ಟಗರು ಸಿಗೋದು ಕಷ್ಟ.

ಪ್ರಶ್ನೆ: ನಾವು ಅಪಾರ್ಟ್‌ಮೆಂಟಿನಲ್ಲಿರುವವರು, ಹತ್ತಿರದ ಕೊಟ್ಟಿಗೆಯಿಂದ ಹಾಲು ತರುತ್ತೇವೆ. ಬಾವು ಬಂದ ಹಸುವಿನ ಹಾಲು ಕಾಯಿಸಿ ಕುಡಿದರೆ ಆ ವಿಷ, ಹಾರ್ಮೋನ್ ನಮ್ಮ ಮಗಳ ಮೈಗೂ ಬರುತ್ತದಾ?
- ಸಹಕಾರನಗರದ ಓದುಗರು

ಉತ್ತರ: ನಿಮ್ಮ ಭಯಕ್ಕೆ ಉತ್ತರ ಎರಡು ಭಾಗ. ಹಸುವಿನ ಬೆದೆ ತಪ್ಪಿದ್ದು ಅದರ ರಕ್ತಕ್ಕೆ ವಿಷ ಇಳಿದದ್ದರಿಂದ. ಬಾಯಿಂದ ಹೊಟ್ಟೆಗೆ ಹೋಗೋದು ಬೇರೆ ಸಂಗತಿ. ನಮ್ಮ ಕರುಳಿನಲ್ಲಿ ಯಾವಾಗಲೂ ಇ-ಕೋಲೈ ಇದ್ದೇ ಇರುತ್ತದೆ, ಗಟ್ಟಿ ಕರುಳು ಅದರ ಎಲ್‌ಪಿಎಸ್ ಅನ್ನು ರಕ್ತಕ್ಕೆ ಬಿಡೋದಿಲ್ಲ. ಮಗಳ ಹಾರ್ಮೋನ್ ಬಗ್ಗೆ ಈ ಕಾರಣಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಹಾಗಂತ ಬಾವಿನ ಹಾಲು ಕುಡಿಯಬಹುದು ಅಂತ ಅಲ್ಲ. ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಆದರೆ ಕೆಲವು ವಿಷಗಳು ಕಾಯಿಸಿದರೂ ಹೋಗೋದಿಲ್ಲ. ಕೆಚ್ಚಲಿಗೆ ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ಅದೂ ಹಾಲಿನಲ್ಲಿರುತ್ತದೆ, ಕಾಯಿಸಿದ ಮಾತ್ರಕ್ಕೆ ಹೋಗೋದಿಲ್ಲ. ಔಷಧದ ಪೊಟ್ಟಣದ ಮೇಲೆ ಎಷ್ಟು ದಿನ ಹಾಲು ಕೊಡಬಾರದು ಅಂತ ಬರೆದಿರುತ್ತಾರೆ. ಅಷ್ಟು ದಿನದ ಹಾಲನ್ನು ಸಾಕುವವರು ಚೆಲ್ಲಬೇಕು. ನೀವು ಒಂದು ಕೆಲಸ ಮಾಡಬಹುದು. ಹಾಲು ಕೊಡುವವರ ಹತ್ತಿರ ಮುಖ ಕೊಟ್ಟು ಮಾತಾಡಿ. "ಹಸುವಿಗೆ ಔಷಧ ನಡೆಯುತ್ತಿದ್ದರೆ ಹೇಳಿ, ಆ ದಿನಗಳ ದುಡ್ಡೂ ಕೊಡುತ್ತೇವೆ, ಹಾಲು ಬೇಡ" ಅನ್ನಿ. ಐದು ಮನೆಯವರು ಹೀಗೆ ಹೇಳಿದರೆ ಆ ಕೊಟ್ಟಿಗೆಯಲ್ಲಿ ಯಾರೂ ಬಾವು ಬಚ್ಚಿಡೋದಿಲ್ಲ.

ಪ್ರಶ್ನೆ: ನಮ್ಮ ಹಸು ಏಳು ತಿಂಗಳ ಗಬ್ಬ, ಹಾಲು ಬತ್ತಿಸಬೇಕು. ಮೊಲೆಗೆ ಔಷಧ ತುಂಬಿಸಬೇಕು ಅನ್ನುತ್ತಾರೆ. ಅಗತ್ಯ ಇದೆಯಾ?
- ದೊಡ್ಡಬಳ್ಳಾಪುರದ ಓದುಗರು

ಉತ್ತರ: ಬತ್ತಿಸುವ ಮುಂಚೆ ಮೇಲೆ ಹೇಳಿದ ಪುಡಿ ಪರೀಕ್ಷೆ ನಾಲ್ಕೂ ಮೊಲೆಗೆ ಮಾಡಿ. ಯಾವುದಾದರೂ ಗಂಜಿ ಕಟ್ಟಿದರೆ ಡಾಕ್ಟರ ಕೈಯಲ್ಲಿ ಒಣಗುವ ಕಾಲದ ಔಷಧ ಹಾಕಿಸಿ. ಹಳೇ ಬಾವು ವಾಸಿಯಾಗೋಕೆ ಬತ್ತಿಸಿದ ಮೇಲೆ ಕರು ಹಾಕೋವರೆಗಿನ ಈ 60 ದಿನಕ್ಕಿಂತ ಒಳ್ಳೆಯ ಕಾಲ ಸಿಗೋದಿಲ್ಲ. ನಾಲ್ಕೂ ಚೆನ್ನಾಗಿದ್ದರೆ ಔಷಧ ಬೇಕಾ ಅಂತ ಅವರನ್ನೇ ಕೇಳಿ, ಬೇಡ ಅನ್ನಲೂಬಹುದು. ಔಷಧ ಹಾಕುವ ಮುಂಚೆ ಮೊಲೆಯ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಲೇಬೇಕು. ಮೊದಲು ದೂರದ ಮೊಲೆ, ಆಮೇಲೆ ಹತ್ತಿರದ್ದು ಒರೆಸಿ. ಔಷಧ ಹಾಕುವಾಗ ಹತ್ತಿರದ್ದು ಮೊದಲು, ದೂರದ್ದು ಆಮೇಲೆ. ಹಾಗೆ ಮಾಡಿದರೆ ಒರೆಸಿದ ಮೊಲೆಗೆ ಕೈ ತಾಗೋದಿಲ್ಲ. ಪರೀಕ್ಷೆ ಮಾಡಿದ ದಿನ, ಗಂಜಿ ಕಟ್ಟಿದ ಮೊಲೆ ಯಾವುದು ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಕರು ಹಾಕಿ ಹತ್ತು ದಿನವಾದ ಮೇಲೆ ಅದೇ ಮೊಲೆಯನ್ನು ಮತ್ತೆ ಪರೀಕ್ಷಿಸಿ, ಏನಾಯಿತು ಅಂತ ನನಗೂ ಒಂದು ಕಾಗದ ಹಾಕಿ.